ಮುಗಿಯಬಾರದ ಪ್ರಶ್ನೆಗಳು

ಸುಖದ ಸಮೀಕ್ಷೆಯವರು ಬಂದರೆಂದರೆ ನಮ್ಮೂರಿನವರಿಗೆ ಇದ್ದಕ್ಕಿದ್ದಂತೆ ಕಾಡಿನಲ್ಲಿ ಕೆಲಸ ನೆನಪಾಗುತ್ತದೆ. ಪ್ರಶ್ನೆಗಳು ಅಷ್ಟು. ಎಷ್ಟು ಸಲ ಸಿಟ್ಟು ಬಂತು, ಎಷ್ಟು ಹೊತ್ತು ಮಲಗಿದಿರಿ, ಕಾಯಿಲೆ ಬಿದ್ದರೆ ಯಾರು ಬರುತ್ತಾರೆ. ಸಂಪಾದನೆಯೊಂದನ್ನೇ ಎಣಿಸಿ ದೇಶ ಮುಂದೆ ಬಂತು ಎನ್ನಬಾರದೆಂಬುದು ಭೂತಾನಿನವರಾದ ನಮ್ಮ ಹಠ. ಹಠ ಒಳ್ಳೆಯದೇ, ಆದರೆ ಮೂರು ಗಂಟೆ ಕೂತರೆ ಕಾಲು ಜೋಮು ಹಿಡಿಯುತ್ತದೆ. ಆ ದಿನ ಮಾತ್ರ ಪ್ರಶ್ನೆಗಳು ಎಲ್ಲಿ ಮುಗಿದುಹೋಗುತ್ತವೋ ಎಂದು ನಾನು ಹೆದರಿದ್ದೆ.

ಚೀಟಿ ಎತ್ತಿದಾಗ ಬಂದ ಹೆಸರು ಲೇಕಿಯದು. ನನ್ನ ಮನೆಯ ಕೆಳಗಿನ ಮನೆ. ಅವಳಿಗೆ ನಮ್ಮ ಖೇಂಗ್ ಸೀಮೆಯ ಮಾತು ಬಿಟ್ಟು ಬೇರೆ ಬಾರದು. ಥಿಂಫುವಿನಿಂದ ಬಂದ ಹುಡುಗಿ ದೇಮಾಳಿಗೆ ಆ ಮಾತೇ ಬಾರದು. ಮೂವತ್ತು ವರ್ಷ ಪಾಠ ಹೇಳಿದವಳೆಂದು ಮಾತು ದಾಟಿಸಲು ನಡುವೆ ನನ್ನನ್ನು ಕೂರಿಸಿದರು.

ಲೇಕಿಯ ಗಂಡ ಜಾಂಬೆ ಅಣೆಕಟ್ಟಿನ ಕೆಲಸದಿಂದ ಹತ್ತು ದಿನದ ರಜೆಗೆ ಬಂದಿದ್ದ. ಹಿಂದಿನ ಮಧ್ಯಾಹ್ನ ಲೇಕಿ ನನ್ನ ಅಟ್ಟದಲ್ಲಿ ಜೋಳದ ತೆನೆಗಳ ನಡುವೆ ಎರಡು ಗಂಟೆ ಅಡಗಿ ಕೂತಿದ್ದಳು. ಎಡ ಮಣಿಕಟ್ಟು ಊದಿಕೊಂಡಿತ್ತು.

"ನಾಳೆ ಒಂದು ಗಂಟೆಗೆ ಲಾರಿ, ಟೀಚರಮ್ಮ. ನನ್ನೂ ಕರ್ಕೊಂಡು ಹೋಗ್ತಾನಂತೆ. ಅಲ್ಲಿ ಆ ಶೆಡ್ಡಲ್ಲಿ ನಾನು ಕೂಗಿದ್ರೆ ಯಾರಿಗೆ ಕೇಳ್ಸತ್ತೆ?"

ಒಂದು ಗಂಟೆ ದಾಟಿದರೆ ಸಾಕಿತ್ತು. ಲಾರಿ ಯಾರಿಗೂ ಕಾಯುವುದಿಲ್ಲ. ಮರುದಿನ ಪಾಳಿಗೆ ಹಾಜರಾಗದಿದ್ದರೆ ಜಾಂಬೆಯ ಕೆಲಸ ಹೋಗುತ್ತದೆ; ಲೇಕಿ ಏಳದಿದ್ದರೆ ಅವನೊಬ್ಬನೇ ಹತ್ತಬೇಕು.

ದೇಮಾ ಒಂಬತ್ತಕ್ಕೆ ಶುರುಮಾಡಿದಳು. ಉತ್ತರ ಹೇಳುವವರ ಬಳಿ ಮನೆಯವರು ಯಾರೂ ಇರಕೂಡದೆಂದು ಜಾಂಬೆಯನ್ನು ಆಚೆ ಕಳಿಸಿದಳು.

"ನಾನೂ ಇದೇ ಮನೆಯವ್ನಲ್ವಾ ಮೇಡಂ? ನನ್ ಸುಖ ಯಾರ್ ಕೇಳ್ತಾರೆ?"

"ಚೀಟೀಲಿ ನಿಮ್ ಹೆಸರು ಬಂದಿಲ್ವಲ್ಲ, ಅಣ್ಣ."

ಅವನು ಏಣಿ ಇಳಿದು ಹೋಗಿ ಸರಿಯಾಗಿ ಕಿಟಕಿಯ ಕೆಳಗೇ ಸೌದೆ ಒಡೆಯತೊಡಗಿದ. ಅವನಿಗೆ ನಮ್ಮ ಮಾತು, ದೇಮಾಳ ಮಾತು ಎರಡೂ ಬರುತ್ತಿತ್ತು.

ಸಂಪಾದನೆಯ ಪುಟ ಬೇಗ ಮುಗಿಯಿತು. ತಗಡಿನ ಹೊಸ ಮಾಡು, ಟಿವಿ, ಫ್ರಿಜ್, ತಿಂಗಳಿಗೆ ಇಪ್ಪತ್ತೈದು ಸಾವಿರ ನುಲ್ಟ್ರಂ ಸಂಬಳ. "ಈ ಊರಲ್ಲಿ ಇಷ್ಟು ಅನುಕೂಲ ಇರೋ ಮನೆ ಇದೇ ಮೊದಲು," ಎಂದು ದೇಮಾ ಸಂತೋಷಪಟ್ಟಳು. ಲೇಕಿ ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಳು.

ಆಮೇಲೆ ಹಿಂದಿನ ದಿನದ ಲೆಕ್ಕ. ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ? ಒಲೆ ಹೊತ್ತಿಸಿದೆ, ಹಾಲು ಕರೆದೆ, ಮಗ್ಗದಲ್ಲಿ ಕೂತೆ.

"ಎರಡರಿಂದ ನಾಲ್ಕು?"

ಲೇಕಿ ಕಿಟಕಿಯ ಕಡೆ ನೋಡಿದಳು. ಕೆಳಗೆ ಕೊಡಲಿಯ ಸದ್ದು ನಿಂತಿತು.

"ಟೀಚರಮ್ಮನ ಮನೇಲಿ ಜೋಳ ಬಿಡಿಸ್ತಿದ್ದೆ," ಎಂದಳು ಕೊನೆಗೆ. ನಾನು ಅದನ್ನು ಹಾಗೆಯೇ ತಿಳಿಸಿದೆ. ಕೊಡಲಿ ಮತ್ತೆ ಶುರುವಾಯಿತು. ಆಗ, ಪ್ರಶ್ನೆಯೊಂದರ ಅರ್ಥ ಕೇಳುವವಳ ದನಿಯಲ್ಲಿ, ಕಾಲೇಜಿನ ದಿನಗಳ ನನ್ನ ಇಂಗ್ಲಿಷಿನಲ್ಲಿ ದೇಮಾಳಿಗೆ ನಿಜ ಹೇಳಿದೆ. ಅಟ್ಟ, ಮಣಿಕಟ್ಟು, ಒಂದು ಗಂಟೆಯ ಲಾರಿ. ಜಾಂಬೆಗೆ ಇಂಗ್ಲಿಷ್ ಬಾರದು.

ಆ ಹುಡುಗಿಯ ಮುಖದಲ್ಲಿ ಏನೂ ಕದಲಲಿಲ್ಲ. ಮಣಿಕಟ್ಟಿನ ಕಡೆ ನೋಡಲೂ ಇಲ್ಲ. ಗಡಿಯಾರ ನೋಡಿದಳು. ಹನ್ನೊಂದೂವರೆ. ಉಳಿದ ಪ್ರಶ್ನೆಗಳು ಅರ್ಧ ಗಂಟೆಗೂ ಸಾಲವು. ಕೈಯಲ್ಲಿದ್ದ ಟ್ಯಾಬ್ ಮೇಲೆ ಬೆರಳಾಡಿಸಿ ಗಟ್ಟಿಯಾಗಿ ಹೇಳಿದಳು: "ಅಯ್ಯೋ, ಇದು ಕೈ ಕೊಡ್ತಲ್ಲ! ಮೊದಲ್ನಿಂದ ಕೇಳ್ಬೇಕು."

"ಮೊದಲ್ನಿಂದಾನಾ!" ಕೆಳಗಿನಿಂದ ಜಾಂಬೆ ಕೂಗಿದ. "ಇದೇನ್ ಸುಖ ಕೇಳೋದೋ, ಶಿಕ್ಷೆ ಕೊಡೋದೋ?"

ಅಂಗಳದಲ್ಲಿದ್ದ ಸಮೀಕ್ಷೆಯ ಜೀಪಿನ ಡ್ರೈವರ್ ವಾಂಗ್ದಿ ನಕ್ಕ. "ಸರ್ಕಾರಿ ಕೆಲ್ಸ ಅಣ್ಣ, ಮುದಿ ಹಸು ಹಾಲು ಕೊಟ್ಟಂಗೆ. ಅವಸರ ಮಾಡಿದ್ರೆ ಒದೆಯತ್ತೆ." ಅವನು ಬಂದು ಆ ಮನೆಯ ಏಣಿಯ ನಡುಮೆಟ್ಟಿಲ ಮೇಲೆ ಕೂತು ಎಲೆಯಡಿಕೆಯ ಚೀಲ ಬಿಚ್ಚಿದ. ಅವನಿಗೆ ನಾವು ಯಾರೂ ಏನೂ ಹೇಳಿರಲಿಲ್ಲ.

ದೇಮಾ ಹೆಸರಿನಿಂದ ಶುರುಮಾಡಿ, ಕೇಳಿದ್ದರ ನಡುವೆ ಉಳಿದ ಪ್ರಶ್ನೆಗಳನ್ನೂ ಒಂದೊಂದಾಗಿ ತೂರಿಸಿದಳು. ಪ್ರತಿ ಪ್ರಶ್ನೆಯನ್ನೂ ನಾನು ಎರಡೆರಡು ಸಲ ಹೇಳಿದೆ. ಲೇಕಿ ತನ್ನ ಹಸುಗಳ ಬಗ್ಗೆ, ಅವುಗಳ ತಾಯಿಯರ ಬಗ್ಗೆ ಹೇಳಿದಳು. ಹನ್ನೆರಡೂಮುಕ್ಕಾಲಾಯಿತು. ದೂರದಲ್ಲಿ ಲಾರಿಯ ಹಾರ್ನ್ ಕೇಳಿತು.

"ಲೇಕೀ! ಸಾಕು, ಎದ್ದು ಬಾ!"

"ಇನ್ನೂ ಇಪ್ಪತ್ತೆರಡು ಪ್ರಶ್ನೆ ಇದೆ ಅಣ್ಣ," ಎಂದಳು ದೇಮಾ. ನಿಜಕ್ಕೂ ಕೇಳದೆ ಉಳಿದದ್ದು ಒಂದೇ ಒಂದು.

ಎರಡನೆಯ ಹಾರ್ನಿಗೆ ಜಾಂಬೆ ವಾಂಗ್ದಿಯನ್ನು ದಾಟಿಕೊಂಡು ಮೇಲೆ ಬಂದ. ಕೊಡಲಿ ಕೈಯಲ್ಲೇ ಇತ್ತು, ಮರೆತು ತಂದಿದ್ದನೋ ಏನೋ.

"ಸುಖ ಹತ್ತಕ್ಕೆ ಹತ್ತು ಅಂತ ಬರ್ಕೊಳಿ ಮೇಡಂ. ಟಿವಿ ಇದೆ, ಫ್ರಿಜ್ ಇದೆ. ಇವಳಿಗೆ ಇನ್ನೇನ್ ಕಮ್ಮಿ?"

ದೇಮಾ ಟ್ಯಾಬ್ ಮೇಲೆ ಬೆರಳಾಡಿಸಿದಳು. "ಈ ಮನೆ ಯಾರ ಹೆಸರಲ್ಲಿದೆ?" ಎಂದಳು. ಅದನ್ನು ಆಗಲೇ ಎರಡು ಸಲ ಕೇಳಿಯಾಗಿತ್ತು. ನಾನು ಲೇಕಿಗೆ ಮೂರನೆಯ ಸಲ ಹೇಳಿದೆ.

"ನನ್ ಹೆಸರಲ್ಲಿ," ಎಂದಳು ಲೇಕಿ ನೆಲ ನೋಡುತ್ತ. "ಅಮ್ಮಂದು. ಅಮ್ಮ ನಂಗೆ ಕೊಟ್ಟಿದ್ದು." ಆಮೇಲೆ ತಲೆಯೆತ್ತಿ ಅವನನ್ನು ನೋಡಿದಳು. "ನಾನು ಬರಲ್ಲ. ನಿನ್ ಬಟ್ಟೆ ಗಂಟು ಬಾಗ್ಲ ಹತ್ರ ಇದೆ."

ಒಲೆಯ ಮೇಲೆ ಅನ್ನ ತಳ ಹಿಡಿಯುತ್ತಿದ್ದ ವಾಸನೆ ಬಂತು. ಯಾರೂ ಏಳಲಿಲ್ಲ. ಮೂರನೆಯ ಹಾರ್ನ್ ಉದ್ದವಾಗಿ ಕೂಗಿತು.

ವಾಂಗ್ದಿ ಅವನ ಬೆನ್ನ ಹಿಂದೆ ಬಂದು ನಿಂತಿದ್ದ. "ಲಾರಿ ಹೊರಡ್ತಿದೆ ಅಣ್ಣ," ಎಂದ ಮೆಲ್ಲಗೆ. "ಕೊಡಲಿ ಕೊಡಿ. ಉಳಿದ ಸೌದೆ ನಾನು ಒಡೀತೀನಿ."

ಜಾಂಬೆ ತನ್ನ ಕೈಯನ್ನು ತಾನೇ ನೋಡಿಕೊಂಡ. ಕೊಡಲಿ ಕೊಟ್ಟ. "ಮೂರು ತಿಂಗ್ಳಿಗೆ ಬರ್ತೀನಲ್ಲ, ಆಗ ನೋಡ್ಕೋತೀನಿ," ಎಂದು ಗಂಟು ಎತ್ತಿಕೊಂಡು ಇಳಿದ.

ಮೂರು ತಿಂಗಳಲ್ಲಿ ಊರ ಮುಖಂಡರ ಬಳಿಗೂ ಕೋರ್ಟಿಗೂ ಹೋಗಿಬರಬಹುದು. ಜೊತೆಗೆ ನಾನು ಹೋಗುತ್ತೇನೆ ಎಂದು ಆಗಲೇ ಮನಸ್ಸು ಮಾಡಿದೆ.

ಉಳಿದಿದ್ದ ಒಂದು ಪ್ರಶ್ನೆಯನ್ನು ದೇಮಾ ಕೇಳಿದಳು. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ಸುಖ ಎಷ್ಟು?

"ಯಾವತ್ತಿಂದು? ನಿನ್ನೇದಾ, ಇವತ್ತಿಂದಾ?"

"ಈಗಿಂದು."

ಲಾರಿ ತಿರುವು ದಾಟುವವರೆಗೂ ಲೇಕಿ ಕಿವಿಗೊಟ್ಟು ಕೂತಿದ್ದಳು. "ಐದು ಅಂತ ಹಾಕಿ," ಎಂದು ಎದ್ದುಹೋಗಿ ಅನ್ನ ಇಳಿಸಿದಳು. ಸುಟ್ಟ ಅನ್ನ, ಮೆಣಸಿನಕಾಯಿ, ಚೀಸ್. ನಾಲ್ವರೂ ಉಂಡೆವು. ವಾಂಗ್ದಿ ಸಂಜೆಯವರೆಗೆ ಸೌದೆ ಒಡೆದ.

ಮುಂದಿನ ವಾರ ದೇಮಾ ಫೋನ್ ಮಾಡಿದ್ದಳು. ಒಂದು ಮನೆಗೆ ನಾಲ್ಕು ಗಂಟೆ ಯಾಕೆ ಹಿಡಿಯಿತೆಂದು ಮೇಲಿನವರು ಬರಹದಲ್ಲಿ ಉತ್ತರ ಕೇಳಿದ್ದರಂತೆ.

"ಏನಂತ ಬರ್ದೆಯಮ್ಮ?"

"ಕೋಪ ಮಾಡ್ಕೋಬೇಡಿ ಟೀಚರಮ್ಮ. ಭಾಷಾಂತರಕ್ಕೆ ಸಿಕ್ಕ ಅಜ್ಜಿಗೆ ಮಾತು ಜಾಸ್ತಿ ಅಂತ ಬರ್ದೆ."