ಹೇಂಟೆಯ ರಜೆ

ಡಿಸೆಂಬರಿನಲ್ಲಿ ರೆಡ್‌ವುಡ್ ಸಿಟಿಯ ನಮ್ಮ ಹಿತ್ತಲಿನ ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸಿತು. ನನ್ನ ಗಂಡ ಲೀಲಾಧರ ಗೂಡಿಗೊಂದು ಬಲ್ಬು ಕಟ್ಟಿ, ಸೂರ್ಯ ಹುಟ್ಟುವ ಮೊದಲೇ ಉರಿಯುವಂತೆ ಟೈಮರು ಇಟ್ಟ. ಹಗಲು ಉದ್ದವಾಯಿತೆಂದು ನಂಬಿ ಅದು ಮತ್ತೆ ಮೊಟ್ಟೆ ಇಡಬೇಕಂತೆ. ಹಳೆಯ ಗರಿಯೆಲ್ಲ ಉದುರಿ, ಹೊಸದು ಇನ್ನೂ ಮುಳ್ಳಿನಂತಿದ್ದ ಆ ಬಡಪ್ರಾಣಿ ಬೆಳಕಿನಲ್ಲಿ ಕಣ್ಣು ಪಿಳುಕಿಸುತ್ತ ನಿಂತಿತ್ತು.

“ಗರಿ ಬೆಳೆಸುವುದೇ ಅದಕ್ಕೆ ಸಾಕಾಗಿದೆ. ಬಿಡು ಮಾರಾಯ.”

“ಕೂತು ತಿನ್ನುವ ಕೋಳಿಗೆ ಊರಲ್ಲಿ ಮಸಾಲೆ ಅರೀತಾರೆ, ಸೌದಾಮಿನಿ.”

ನನಗೆ ಮೈಯೆಲ್ಲ ಉರಿಯಿತು. “ನಿನ್ನ ಆಫೀಸು ಎರಡು ವಾರ ಮುಚ್ಚಿದೆ. ದಿನಾ ಹನ್ನೊಂದಕ್ಕೆ ಏಳ್ತೀಯ. ನಿನಗೆ ಯಾರು ಮಸಾಲೆ ಅರೆದರು?”

“ನನ್ನದು ಸಂಬಳದ ರಜೆ, ಮಾರಾಯ್ತಿ!”

“ಇದರದ್ದೂ ಸಂಬಳದ ರಜೆಯೇ,” ಎಂದು ಬಲ್ಬು ಕಿತ್ತು, ಹೇಂಟೆಯ ಮುಂದೆ ಎರಡು ಬೊಗಸೆ ಕಾಳು ಸುರಿದೆ.