ಬೈದವರೇ ಹೋಗಿ ನೋಡಬೇಕು

ಸುಮಲತಳಿಗೆ ಯಾರನ್ನೂ ಆಡಿಕೊಳ್ಳಲು ಬರುತ್ತಿರಲಿಲ್ಲ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಅದು ಸಣ್ಣ ಕೊರತೆಯಲ್ಲ.

ಅವಳು ಉರಿಗಾಂನಲ್ಲಿ ರೈಲು ಹತ್ತಿ, ದುಪಟ್ಟಾ ಹಾಸಿ ಎಲ್ಲರಿಗೂ ಸೀಟು ಹಿಡಿಯುವಳು. ಬಂಗಾರಪೇಟೆಯಲ್ಲಿ ಪಾಪಕ್ಕ, ಪುಷ್ಪ, ವನಿತಾ ನುಗ್ಗಿ ಬರುವರು. ಮೂವರೂ ಆಫೀಸುಗಳಲ್ಲಿ ಕಸ ಗುಡಿಸುವವರು. ಸುಮಲತ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಳು.

ಆ ದಿನ ಬಾರದವಳನ್ನು ಆಡಿಕೊಳ್ಳುವುದು ಅವರ ರೂಢಿ.

"ಎಲ್ಲವ್ಳೆ ನಮ್ಮ ಮಾರಾಣಿ ವನಿತಾ?" ಪಾಪಕ್ಕ ಶುರು ಮಾಡುವಳು. "ಒಸ ಮಿಕ್ಸಿ ತಗಂಡವ್ಳೆ. ಚಟ್ನಿ ರುಬ್ತಾ ರೈಲು ಬಿಟ್ಟವ್ಳೆ."

"ಮಿಕ್ಸಿಗೂ ಕುಂಕುಮ ಇಟ್ಟವ್ಳಂತಕ್ಕ," ಪುಷ್ಪ ಸೇರಿಸುವಳು.

ಅದಕ್ಕೊಂದು ಕಟ್ಟಳೆಯೂ ಇತ್ತು. ಹೆಚ್ಚು ಬೈದವಳೇ ಸಂಜೆ ಬಾರದವಳ ಮನೆಗೆ ಹೋಗಿ ನೋಡಿ ಬರಬೇಕು. ಸುಮಲತಳಿಗೆ ಜ್ವರ ಬಂದಾಗ ಪಾಪಕ್ಕ ತನ್ನ ಬಂಗಾರಪೇಟೆಯಲ್ಲಿ ಇಳಿಯದೆ ಉರಿಗಾಂವರೆಗೂ ಬಂದಿದ್ದಳು, ಕೈಯಲ್ಲಿ ಸಾರಿನ ಡಬ್ಬಿ.

"ಪುಸ್ತಕ ತಿಂದು ಒಟ್ಟೆ ಕೆಟ್ಟದೆ ಅಂತ ಬೆಳಿಗ್ಗೆ ನಿನ್ನ ಬೈದೆ ಕಣಮ್ಮ. ಅದ್ಕೇ ಬಂದೆ. ಕುಡಿ."

ಅಂಥ ಸಾರು ಸುಮಲತ ಮತ್ತೆ ಕುಡಿದಿಲ್ಲ. ತಾನೂ ಒಮ್ಮೆ ಅವರಂತೆ ಆಡಿಕೊಂಡು ಅವರಲ್ಲೊಬ್ಬಳಾಗಬೇಕು ಅನ್ನುವ ಆಸೆ ಅವಳಿಗೆ ಬೆಳೆದದ್ದು ಆಗಲೇ.

ಒಂದು ಬೆಳಿಗ್ಗೆ ಅವಳು ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಮೂವರೂ ಎದುರಿಗಿದ್ದರು.

"ಪರದೂಷಣೆ ಅಂದ್ರೇನಮ್ಮ?" ಪಾಪಕ್ಕ ಕೇಳಿದಳು.

"ಎದುರಿಗಿಲ್ಲದವರ ಬಗ್ಗೆ ಕೆಟ್ಟದಾಗಿ ಮಾತಾಡೋದು."

"ಎಂಗೆ ಬಳಸ್ತಾರೆ? ಒಂದು ಮಾತು ಏಳು."

"ಪಾಪಕ್ಕ ದಿನಾ ರೈಲಲ್ಲಿ ಪರದೂಷಣೆ ಮಾಡ್ತಾರೆ."

ನಗುತ್ತಾರೆ ಅಂದುಕೊಂಡಿದ್ದಳು. ಯಾರೂ ನಗಲಿಲ್ಲ. ಅಲ್ಲಿ ಯಾರೂ ಯಾರನ್ನೂ ಎದುರಿಗೆ ಆಡಿಕೊಂಡದ್ದಿಲ್ಲ.

"ಅದು ಕೆಟ್ಟದ್ದಾ?" ಪಾಪಕ್ಕ ಕೇಳಿದಳು.

ಸುಮಲತ ಪುಸ್ತಕದಲ್ಲಿದ್ದುದನ್ನೇ ಹೇಳಿದಳು. "ಕೆಟ್ಟದ್ದೇ."

ಮುಂದಿನ ವಾರ ವನಿತಾ ಬರಲಿಲ್ಲ. ಪುಷ್ಪ ಬಾಯಿ ತೆರೆದಳು. ಪಾಪಕ್ಕ ಕಿಟಕಿ ಕಡೆ ಮುಖ ತಿರುಗಿಸಿದಳು. "ಸುಮ್ನಿರಮ್ಮಾ. ಓದಿದೋರು ಕೂತವ್ರೆ."

ವನಿತಾಳ ಫೋನ್ ಸ್ವಿಚ್ ಆಫ್ ಬರುತ್ತಿತ್ತು. ಯಾರೂ ಬೈದಿರಲಿಲ್ಲ, ಹಾಗಾಗಿ ಹೋಗುವ ಸರದಿ ಯಾರದೂ ಅಲ್ಲ. ಸುಮಲತ ತಾನೇ ಹೋಗಬಹುದಿತ್ತು. ಹೋಗಲಿಲ್ಲ.

ವನಿತಾಳಿಗೆ ಡೆಂಗಿ ಆಗಿತ್ತು. ಆಸ್ಪತ್ರೆಯಿಂದ ಬಂದು ಮತ್ತೆ ರೈಲು ಹತ್ತಿದಾಗ ರವಿಕೆ ತೋಳು ಜೋತಾಡುತ್ತಿತ್ತು. ಹಿಡಿದಿಟ್ಟ ಸೀಟಿನಲ್ಲಿ ಅವಳು ಕೂರಲಿಲ್ಲ.

"ಯಾಕಕ್ಕ, ಯಾರೂ ನನ್ನ ಬೈಲಿಲ್ವಾ?"

"ಇಲ್ಲಮ್ಮ," ಪಾಪಕ್ಕ ಹೇಳಿದಳು. "ಅದು ಕೆಟ್ಟದ್ದಂತೆ."

ವನಿತಾ ಮರುದಿನದಿಂದ ಹಿಂದಿನ ಬೋಗಿಗೆ ಹತ್ತಿದಳು. ಅವಳನ್ನು ಸಮಾಧಾನ ಮಾಡುತ್ತೇನೆಂದು ಹೋದ ಪಾಪಕ್ಕ ಅಲ್ಲೇ ಉಳಿದಳು. ಸ್ವಲ್ಪ ದಿನಕ್ಕೆ ಪುಷ್ಪಳೂ ಹೋದಳು.

ಆ ರೈಲು ಈಗಲೂ ಓಡುತ್ತದೆ, ಸುಮಲತಳೂ ಅದರಲ್ಲೇ ಓಡಾಡುತ್ತಾಳೆ. ಪರೀಕ್ಷೆಯಲ್ಲಿ ಆ ಪದ ಬರಲೇ ಇಲ್ಲ. ಅದರಿಂದ ಅವಳು ಕಳೆದುಕೊಂಡದ್ದು ಮೂವರನ್ನು.