ಮೇಲಿನ ಮಹಡಿಯ ಪುಟಿಯುವ ನೆಲ

ಅಪ್ಪನಿಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಗೊತ್ತಿದ್ದೂ ಅವನನ್ನೇ ಕರ್ಕೊಂಡು ಹೋದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನನ್ನದು ಫ್ಲ್ಯಾಟ್ ಮಾರಿಸೋ ಕೆಲಸ. ಊರಿನ ಹಳೇ ಪೇಟೆಗೆ ಈಗ ಮದುವಣಗಿತ್ತಿಯ ಕಳೆ ಬಂದಿದೆ. ಪಾಳುಬಿದ್ದ ಗೋದಾಮುಗಳಿಗೆಲ್ಲ ಬಣ್ಣ, ಬೀದಿಗೆ ಕಲ್ಲುಹಾಸು, ಮೂಲೆಮೂಲೆಗೂ ಕಾಫಿ ಅಂಗಡಿ. ಅಲ್ಲಿದ್ದ ಡಾನ್ಸ್ ಹಾಲನ್ನೂ ಐಷಾರಾಮಿ ಮನೆಗಳನ್ನಾಗಿ ಮಾಡಿದ್ದಾರೆ. ಎಲ್ಲವೂ ಬಿಸಿ ದೋಸೆಯ ಹಾಗೆ ಖರ್ಚಾದವು, ಮೇಲಿನ ಮಹಡಿಯದೊಂದು ಬಿಟ್ಟು. ಅಲ್ಲಿರೋದು ಜನ ಕುಣಿಯುತ್ತಿದ್ದ ಅದೇ ಮರದ ನೆಲ. ಕಾಲಿಟ್ಟರೆ ಕೂದಲೆಳೆಯಷ್ಟು ತಗ್ಗಿ, ಮತ್ತೆ ಮೇಲಕ್ಕೆತ್ತುತ್ತೆ. ನೋಡೋಕೆ ಬಂದವರು ನೆಲ ಕುಸೀತಿದೆ ಅಂದ್ಕೊಂಡು ಬಿದ್ದಂಬೀಳ ಓಡ್ತಾರೆ.

"ಭಾನುವಾರ ಸಂಜೆಯೊಳಗೆ ಮಾರಾಟ ಆಗ್ಲಿಲ್ಲ ಅಂದ್ರೆ ಸೋಮವಾರ ಈ ನೆಲ ಕಿತ್ತೆಸೆದು ಮಾರ್ಬಲ್ ಹಾಕಿಸ್ತೀನಿ," ಅಂದ ಬಿಲ್ಡರ್.

ಆ ನೆಲವನ್ನ ರಿಪೇರಿ ಮಾಡಿದ ಬಡಗಿ ನಮ್ಮಪ್ಪ. ಎಂಟು ತಿಂಗಳು ಮೊಣಕಾಲೂರಿ, ಒಂದೊಂದೇ ಹಲಗೆ ಬಿಚ್ಚಿ, ನಯ ಮಾಡಿ, ಮತ್ತೆ ಕೂರಿಸಿದ್ದ. ಅದೇ ಅವನ ಕೊನೆಯ ಕೆಲಸ. ಆಮೇಲೆ ಮೊಣಕಾಲು ಕೈಕೊಟ್ಟಿತು. ಮಾರ್ಬಲ್ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ತಡ, ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಹೇಗಾದ್ರೂ ಮಾಡಿ ಆ ನೆಲ ಉಳಿಸ್ಬೇಕು ಅನ್ನಿಸ್ತು. ಭಾನುವಾರ ಒಬ್ಬ ಮೇಡಂ ಬರೋರಿದ್ದರು. ಇನ್ನೊಬ್ಬ ಗಿರಾಕಿ ಕಂಡರೆ ಅವರು ಆತುರ ಪಡ್ತಾರೆ ಅಂತ ಲೆಕ್ಕ ಹಾಕಿ, ಅಪ್ಪನಿಗೆ ಭಾವನ ಕೋಟು ತೊಡಿಸಿದೆ.

"ಯಾರಾದ್ರೂ ಕೇಳಿದ್ರೆ ದೊಡ್ಡ ಕೆಲಸ ಏನಾದ್ರೂ ಹೇಳು."

ಬಾಗಿಲಲ್ಲಿ ಬಂದುಹೋಗೋರ ಪುಸ್ತಕ ಇತ್ತು. 'ಉದ್ಯೋಗ' ಅನ್ನೋ ಕಡೆ ಅಪ್ಪ ತಲೆ ಕೆರೆದು ಕೆರೆದು ಬರೆದ: ಹಲ್ಲಿನ ಡಾಕ್ಟರ್.

"ಅದ್ಯಾಕಪ್ಪಾ?"

"ಕೊರೆಯೋದು, ತುಂಬೋದು, ಉಜ್ಜೋದು. ಹೆಚ್ಚುಕಮ್ಮಿ ನಮ್ಮ ಕೆಲಸಾನೇ ಕಣೆ."

ಮೇಡಂ ಬಂದರು, ಪುಸ್ತಕ ನೋಡಿದರು, ಮುಖ ಅರಳಿತು. "ಅರೆ! ನೀವೂ ಹಲ್ಲಿನ ಡಾಕ್ಟ್ರಾ ಸಾರ್? ನಾನೂನೂ!"

ನಾನು ಪುಸ್ತಕ ಪಟ್ಟನೆ ಮುಚ್ಚಿದೆ.

"ಬುದ್ಧಿಹಲ್ಲು ಅಡ್ಡ ಬೆಳೆದಿದ್ರೆ ನೀವು ಏನ್ಮಾಡ್ತೀರಿ?" ಅಂತ ಕೇಳಿಯೇಬಿಟ್ಟರು.

ಅಪ್ಪ ಗಂಟಲು ಸರಿಮಾಡಿಕೊಂಡ. "ಮೊದ್ಲು ಚೆನ್ನಾಗಿ ಒಣಗಿಸ್ಬೇಕು. ಆಮೇಲೆ ಉಳಿ ಇಟ್ಟು ಮೆಲ್ಲಗೆ ಒಂದೇಟು."

ಮೇಡಂ ಅವನ ಕೈ ನೋಡಿದರು. ಕಪ್ಪಾದ ಹೆಬ್ಬೆರಳಿನ ಉಗುರು, ಮೊಂಡಾದ ತೋರುಬೆರಳು. ತುಟಿ ಕಚ್ಚಿ ನಗು ತಡೆದು, ಒಳಗೆ ಕಾಲಿಟ್ಟರು. ನೆಲ ತಗ್ಗಿತು.

"ಅಯ್ಯೋ! ಅಲ್ಲಾಡ್ತಿದೆ!" ಅಂತ ಬಾಗಿಲಿಗೆ ಜಿಗಿದರು.

"ಅಲ್ಲಾಡೋದಲ್ಲಮ್ಮಾ, ಪುಟಿಯೋದು!" ಅಪ್ಪ ಕೂಗಿಯೇಬಿಟ್ಟ. "ಕುಣಿಯೋರ ಮೊಣಕಾಲು ನೋಯಬಾರದು ಅಂತ ಕೆಳಗೆ ಅಡ್ಡಡ್ಡ ಮರದ ಪಟ್ಟಿ ಕೊಟ್ಟಿದ್ದಾರೆ. ನಾನು ಡಾಕ್ಟ್ರೂ ಅಲ್ಲ, ಮಣ್ಣಾಂಗಟ್ಟಿನೂ ಅಲ್ಲ. ಇದನ್ನ ಕೂರಿಸಿದ ಬಡಗಿ. ನನ್ನ ಮೊಣಕಾಲು ಹೋಯ್ತು, ಹೋಗ್ಲಿ. ತಗೊಂಡ್ರೆ ತಗೊಳ್ಳಿ, ಬಿಟ್ರೆ ಬಿಡಿ. ಒಂದೇ ಒಂದು ಸಲ ಕುಣಿದು ನೋಡಿ."

ಮುಗೀತು ಕಥೆ ಅಂತ ನಾನು ಕಣ್ಣು ಮುಚ್ಚಿದೆ.

ಧಪ್ ಅಂತ ಸದ್ದಾಯ್ತು. ಕಣ್ಣು ಬಿಟ್ಟರೆ ಮೇಡಂ ಚಪ್ಪಲಿ ಕಳಚಿ ಕುಪ್ಪಳಿಸ್ತಿದ್ದಾರೆ! ಇನ್ನೊಂದು ಸಲ. ಮತ್ತೊಂದು. "ದಿನವಿಡೀ ನಿಂತೇ ಕೆಲಸ ಕಣ್ರೀ, ಸಂಜೆಗೆ ಈ ಕಾಲು ನನ್ನವೇ ಅಲ್ಲ ಅನ್ಸುತ್ತೆ. ಇಲ್ಲಿ ನೋವೇ ಆಗ್ತಿಲ್ಲವಲ್ರೀ!" ಅಂತ ನನ್ನ ಕೈ ಹಿಡಿದೆಳೆದರು. ನಾನು ಈ ಮೂಲೆಯಲ್ಲಿ ಹಾರಿದರೆ ಅವರು ಆ ಮೂಲೆಯಲ್ಲಿ ಕಿಲಕಿಲ ನಗ್ತಾರೆ. ಅಪ್ಪ ಭಾವನ ಕೋಟು ಬಿಸಾಕಿ ತಾಳ ಹಾಕ್ತಿದ್ದಾನೆ. ಹಾಡಿಲ್ಲ, ವಾದ್ಯವಿಲ್ಲ, ಮೂರು ಜನ ದೊಡ್ಡವರು ಹುಚ್ಚು ಹಿಡಿದವರ ಹಾಗೆ!

ಅಷ್ಟರಲ್ಲಿ ಮಾರ್ಬಲ್ ತುಂಡೊಂದನ್ನ ಕಂಕುಳಲ್ಲಿಟ್ಟುಕೊಂಡು ಬಿಲ್ಡರ್ ಬಂದು, ಬಾಯಿ ಬಿಟ್ಟುಕೊಂಡು ನಿಂತ.

"ಆ ಕಲ್ಲನ್ನ ಹೊರಗಿಡ್ರೀ," ಅಂದರು ಮೇಡಂ ಏದುಸಿರು ಬಿಡ್ತಾ. "ಮನೆ ನಂದು. ನೆಲಾನೂ."

ಅಪ್ಪ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ನಾನಂತೂ ಅಲ್ಲೇ ಗೊಳೋ ಅಂತ ಅತ್ತುಬಿಟ್ಟೆ.

ಹೊರಡುವಾಗ ಅವನು ಬಾಗಿಲಲ್ಲಿ ನಿಂತ. "ಪೆನ್ನು ಕೊಡೆ."

'ಹಲ್ಲಿನ ಡಾಕ್ಟರ್' ಅನ್ನೋದನ್ನ ಗೀಟು ಹಾಕಿ ಹೊಡೆದು, ಗೆರೆ ದಾಟುವಷ್ಟು ದಪ್ಪಗೆ ಬರೆದ: ಬಡಗಿ. ಪಕ್ಕದಲ್ಲಿ 'ಬಂದ ಕಾರಣ' ಅನ್ನೋ ಕಡೆ ನಾನು 'ಮನೆ ನೋಡಲು' ಅಂತ ತುಂಬಿಸಿದ್ದೆ. ಅದನ್ನೂ ಹೊಡೆದುಹಾಕಿ ಬರೆದ: ನನ್ನ ನೆಲ ನೋಡೋಕೆ.